ಕಾರ್ಥೇಜಿನ ಸಿಪ್ರಿಯನನ ಎಂಟು ವರ್ಷಗಳು

೧

ಕ್ರೈಸ್ತ ವೇದದ ಕನ್ನಡ ಭಾಷಾಂತರದಲ್ಲಿ ‘ಶೋಧನೆ’ ಎಂಬ ಶಬ್ದವೊಂದುಂಟು. ಮನುಷ್ಯನನ್ನು ತಪ್ಪುದಾರಿಗೆ ಸೆಳೆಯುವ ಆಸೆಗೂ, ಕಷ್ಟಕಾಲದಲ್ಲಿ ಅವನ ನಿಷ್ಠೆಯನ್ನು ಒರೆಗಲ್ಲಿಗೆ ಹಚ್ಚಿ ನೋಡುವ ಪರೀಕ್ಷೆಗೂ ಈ ಒಂದೇ ಶಬ್ದವು ಸಲ್ಲುತ್ತದೆ. ವಿಚಾರಮಾಡಿ ನೋಡಿದರೆ ಇದು ಉಚಿತವಾಗಿಯೇ ತೋರುವುದು. ಆಸೆಯು ಮುಂದಿನಿಂದ ಕೈಹಿಡಿದು ಎಳೆಯುತ್ತದೆ. ಭಯವು ಹಿಂದಿನಿಂದ ನೂಕುತ್ತದೆ. ಎರಡೂ ಕೊಂಡೊಯ್ಯುವುದು ಒಂದೇ ಹಳ್ಳಕ್ಕೆ. ಸುಖದ ದಿನಗಳಲ್ಲಿ ಇವೆರಡನ್ನೂ ಗೆದ್ದೆವೆಂದು ನಂಬಿಕೊಂಡವರು ಸಂಕಟದ ಒಂದೇ ದಿನದಲ್ಲಿ ತಮ್ಮ ನಿಜವಾದ ಬಲವನ್ನು ಅರಿತುಕೊಂಡ ಉದಾಹರಣೆಗಳು ಎಲ್ಲ ಜನಾಂಗಗಳ ಇತಿಹಾಸದಲ್ಲಿಯೂ ದೊರೆಯುತ್ತವೆ. ಕ್ರಿ. ಶ. ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಕ್ರೈಸ್ತ ಸಭೆಗೆ ಒದಗಿದ ಶೋಧನೆಯೂ, ಆ ಸಭೆಯ ಬಿಷಪನಾಗಿದ್ದ ಸಿಪ್ರಿಯನನು ಮೊದಲು ಅಡಗಿಕೊಂಡು ಕಡೆಗೆ ಎದುರು ನಿಂತ ಬಗೆಯೂ ಇಂತಹ ಉದಾಹರಣೆಗಳಲ್ಲಿ ವಿಶೇಷವಾಗಿ ಗಮನಿಸತಕ್ಕವು. ಏಕೆಂದರೆ ಇಲ್ಲಿ ಕಾಣುವವನು ಭಯವನ್ನೇ ಅರಿಯದ ವೀರನಲ್ಲ. ಭಯವೆಂದರೇನೆಂಬುದನ್ನು ಬಲ್ಲ ಒಬ್ಬ ಮನುಷ್ಯನು ತನ್ನ ವಿಶ್ವಾಸವನ್ನು ಊರುಗೋಲಾಗಿ ಹಿಡಿದು, ಎಂಟು ವರ್ಷಗಳ ಕಾಲ ಹೆಜ್ಜೆಹೆಜ್ಜೆಯಾಗಿ ನಡೆದು, ವಧಸ್ಥಾನದವರೆಗೆ ಹೋದ ಕಥೆಯಿದು.

ಕಾರ್ಥೇಜು ಈಗಿನ ಟ್ಯೂನಿಸ್ ನಗರದ ಸಮೀಪದಲ್ಲಿ, ಸಮುದ್ರದ ತೀರದಲ್ಲಿದ್ದಿತು. ಕ್ರಿ. ಪೂ. ೧೪೬ರಲ್ಲಿ ರೋಮನರು ಸುಟ್ಟು ನೆಲಸಮಮಾಡಿದ ಈ ಪಟ್ಟಣವನ್ನು ಮುಂದೆ ರೋಮನರೇ ಮರಳಿ ಕಟ್ಟಿಸಿದರು. ಸಿಪ್ರಿಯನನ ಕಾಲಕ್ಕೆ ಅದು ಸಾಮ್ರಾಜ್ಯದ ಪಶ್ಚಿಮ ಭಾಗದ ಮಹಾನಗರಗಳಲ್ಲಿ ಒಂದಾಗಿ ಮೆರೆಯುತ್ತಿದ್ದಿತು. ಅಲ್ಲಿ ಅಲಂಕಾರಶಾಸ್ತ್ರವನ್ನೂ ವಾಗ್ಮಿತೆಯನ್ನೂ ಕಲಿಸುತ್ತ ಕೀರ್ತಿಯನ್ನು ಗಳಿಸಿದ್ದ ಧನಿಕನೇ ಥಾಸ್ಕಿಯಸ್ ಸಿಪ್ರಿಯನನು. ಅವನು ಮಧ್ಯವಯಸ್ಸಿನಲ್ಲಿ, ೨೪೬ರ ಸುಮಾರಿಗೆ, ಸಭೆಯ ಒಬ್ಬ ವೃದ್ಧ ಹಿರಿಯನ ಸ್ನೇಹದಿಂದ ಕ್ರೈಸ್ತನಾದನು. ಔತಣಗಳಿಗೂ, ಜರತಾರಿಯ ಉಡುಪಿಗೂ, ಹಿಂದೆಮುಂದೆ ನಡೆಯುವ ಆಶ್ರಿತರ ಗುಂಪಿಗೂ ಒಗ್ಗಿಹೋದವನು ಇವನ್ನೆಲ್ಲ ಬಿಡುವುದು ಸಾಧ್ಯವೇ ಎಂದು ತಾನು ಬಹುಕಾಲ ಸಂಶಯಪಟ್ಟುದನ್ನು ಅವನು ದೊನಾತನೆಂಬ ಗೆಳೆಯನಿಗೆ ಬರೆದ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ದೀಕ್ಷಾಸ್ನಾನದ ತರುವಾಯ ಆ ಸಂಶಯವು ತೊಲಗಿತೆಂದೂ, ಅದು ತನ್ನ ಪೌರುಷದ ಫಲವಲ್ಲ, ದೇವರ ದಾನವೆಂದೂ ಅವನ ನಂಬಿಕೆ. ಆಸ್ತಿಯಲ್ಲಿ ಬಹುಭಾಗವನ್ನು ಮಾರಿ ಬಡವರಿಗೆ ಹಂಚಿದನು. ೨೪೮-೨೪೯ರ ಸುಮಾರಿಗೆ, ಅವನಿನ್ನೂ ಹೊಸ ವಿಶ್ವಾಸಿಯಾಗಿರುವಾಗಲೇ, ಜನರು ಒತ್ತಾಯಮಾಡಿ ಅವನನ್ನು ಬಿಷಪನನ್ನಾಗಿ ಆರಿಸಿದರು. ಸಭೆಯ ಹಿರಿಯರಲ್ಲಿ ಐವರು ಇದನ್ನು ವಿರೋಧಿಸಿದರು. ಆ ವಿರೋಧವು ಮುಂದೆ ಅವನನ್ನು ಬಹಳವಾಗಿ ಕಾಡಿತು.

ಸುಖದ ಆಸೆಯನ್ನು ಅವನು ಹೀಗೆ ಗೆದ್ದನು. ಭಯದ ಸರದಿಯು ಇನ್ನೂ ಬಂದಿರಲಿಲ್ಲ.

೨

೨೪೯ರಲ್ಲಿ ಸಿಂಹಾಸನವನ್ನೇರಿದ ಡೀಸಿಯಸ್ ಚಕ್ರವರ್ತಿಯು ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ ರಾಜ್ಯಕ್ಷೇಮವನ್ನು ಬೇಡಬೇಕೆಂದು ಆಜ್ಞೆಮಾಡಿದನು. ಗಡಿಗಳಲ್ಲಿ ಗಾಥರ ಕಾಟವಿದ್ದಿತು, ಒಳಗೆ ದಂಗೆಗಳಿದ್ದವು, ಪೂರ್ವಿಕರ ದೇವತೆಗಳು ಪ್ರಸನ್ನರಾದರೆ ರಾಜ್ಯವು ಉಳಿಯುವುದೆಂಬುದು ಅವನ ಭಾವನೆ. ಈ ಆಜ್ಞೆಯ ವಿಶೇಷವು ಅದರ ಕ್ರೌರ್ಯಕ್ಕಿಂತಲೂ ಅದರ ಕಚೇರಿಯ ಏರ್ಪಾಟಿನಲ್ಲಿದ್ದಿತು. ಊರೂರಿನಲ್ಲಿ ಬಲಿಯ ಮೇಲ್ವಿಚಾರಣೆಗಾಗಿ ಮಂಡಲಿಗಳು ನೇಮಕವಾದವು. ಕಾರ್ಥೇಜಿನಲ್ಲಿ ಅಧಿಕಾರಿಗಳೊಡನೆ ಐವರು ಪ್ರಮುಖರು ಕುಳಿತರು. ಪ್ರತಿಯೊಬ್ಬನೂ ಮಂಡಲಿಯ ಮುಂದೆ ಬಂದು, ಪಾನವನ್ನೆರೆದು, ಬಲಿಯ ಮಾಂಸವನ್ನು ರುಚಿನೋಡಿ, ಪ್ರಮಾಣಪತ್ರವನ್ನು ಪಡೆಯಬೇಕಾಗಿದ್ದಿತು. ಅಂತಹ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಹುದುಗಿದ್ದು, ೧೮೯೩ರಿಂದೀಚೆಗೆ ೪೦ಕ್ಕೂ ಹೆಚ್ಚು ಬೆಳಕಿಗೆ ಬಂದಿವೆ. ಅರ್ಜಿದಾರನ ಹೆಸರು, ಊರು, ತಾನು ಯಾವಾಗಲೂ ದೇವತೆಗಳನ್ನು ಪೂಜಿಸುತ್ತ ಬಂದಿರುವೆನೆಂಬ ಹೇಳಿಕೆ, ಈಗಲೂ ನಿಮ್ಮ ಕಣ್ಣೆದುರಿಗೇ ಪೂಜಿಸಿರುವೆನೆಂಬ ಒಕ್ಕಣೆ, ಕೆಳಗೆ ಸಾಕ್ಷಿಗಳ ರುಜು, ತಾರೀಖು—ಎಲ್ಲ ಪತ್ರಗಳೂ ಬಹುಮಟ್ಟಿಗೆ ಒಂದೇ ಅಚ್ಚಿನವು. ಒಂದು ಅಂಗೈ ಅಗಲದ ಕಾಗದದಲ್ಲಿ ಮನುಷ್ಯನ ಅಂತಃಕರಣವನ್ನು ಅಳೆದು ಮುಗಿಸುವ ಏರ್ಪಾಟು ಅದು.

ಕ್ರೈಸ್ತರ ಪಾಲಿಗೆ ಇದು ಒಬ್ಬನೇ ದೇವರನ್ನು ನಿರಾಕರಿಸಿದಂತೆ. ಆಜ್ಞೆಯನ್ನು ಮೀರಿದವರಿಗೆ ಸೆರೆ, ಗಡೀಪಾರು, ಆಸ್ತಿಯ ಜಪ್ತಿ; ೨೫೦ರ ವಸಂತದಲ್ಲಿ ಪ್ರಾಂತಾಧಿಪತಿಯು ಬಂದ ಮೇಲೆ ಚಿತ್ರಹಿಂಸೆ. ರೋಮಿನ ಬಿಷಪನಾದ ಫೇಬಿಯನನು ೨೫೦ರ ಜನವರಿ ೨೦ರಂದು ಪ್ರಾಣಬಿಟ್ಟನು. ಆದರೆ ಕಾರ್ಥೇಜಿನ ಸಭೆಯು ಚಿತ್ರಹಿಂಸೆಯನ್ನು ಕಾಣುವ ಮೊದಲೇ ಕುಸಿದುಬಿದ್ದಿತ್ತು. ಯಾರೂ ಕರೆಯುವುದಕ್ಕೆ ಮೊದಲೇ ಜನರು ತಾವಾಗಿ ಚಾವಡಿಗೆ ಓಡಿದರೆಂದು ಸಿಪ್ರಿಯನನೇ ದುಃಖದಿಂದ ಬರೆದಿದ್ದಾನೆ. ಸಂಜೆಯಾಯಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದರೂ ಕೇಳದೆ, ಇಂದೇ ಮುಗಿಸಿಬಿಡಿರೆಂದು ಬೇಡಿಕೊಂಡವರಿದ್ದರು. ಎಳೆಯ ಕೂಸುಗಳನ್ನು ಎತ್ತಿಕೊಂಡು ಬಂದ ತಾಯಿತಂದೆಗಳಿದ್ದರು.

ಇನ್ನು ಕೆಲವರು ಜಾಣತನದ ಉಪಾಯವೊಂದನ್ನು ಕಂಡುಕೊಂಡರು. ಬಲಿಪೀಠದ ಹತ್ತಿರಕ್ಕೂ ಹೋಗದೆ, ಅಧಿಕಾರಿಗೆ ಹಣ ಕೊಟ್ಟು ಪತ್ರವನ್ನು ಮಾತ್ರ ಬರೆಯಿಸಿಕೊಂಡರು. ಕೈಗಳು ಅಪವಿತ್ರವಾಗಲಿಲ್ಲ, ಬಾಯಿ ನಿಷಿದ್ಧವನ್ನು ಮುಟ್ಟಲಿಲ್ಲ, ಮನಸ್ಸಿನಲ್ಲಿ ಹಿಂದಿನ ವಿಶ್ವಾಸವೇ ಇದೆ. ಹೀಗಿರುವಲ್ಲಿ ತಪ್ಪೇನೆಂದು ಅವರ ವಾದ. ಭಯಕ್ಕೂ ಆಸೆಗೂ ಇರುವ ನಂಟು ಇಲ್ಲಿ ಎದ್ದುಕಾಣುತ್ತದೆ. ನೇರವಾಗಿ ಬಂದು ಹೆದರಿಸುವ ಭಯವನ್ನು ಎದುರಿಸುವವರು ಸಿಗಬಹುದು. ಅದೇ ಭಯವು ವಿವೇಕದ ವೇಷವನ್ನು ಧರಿಸಿ, ಇದು ಬರಿಯ ಕಾಗದವಷ್ಟೇ ಎಂದು ಕಿವಿಯಲ್ಲಿ ಉಸುರಿದಾಗ ಅದನ್ನು ಗುರುತಿಸುವುದೇ ಕಷ್ಟ. ಇಂತಹವರಲ್ಲಿ ಅನೇಕರನ್ನು ಪತ್ರ ಕೊಂಡಂತೆ ಮಾಡಿದ್ದು ಸಾವಿನ ಅಂಜಿಕೆಗಿಂತ ಹೆಚ್ಚಾಗಿ ಮನೆ, ತೋಟ, ಹಣಗಳ ಮೇಲಿನ ಮೋಹವೆಂದು ಸಿಪ್ರಿಯನನ ತೀರ್ಮಾನ. ಮೋಹದ ಸಂಕೋಲೆಯಲ್ಲಿದ್ದವರಿಗೆ ಓಡಿಹೋಗಲು ಸಹ ಕಾಲು ಬರಲಿಲ್ಲವೆಂದು ಅವನ ಭಾವ.

ಹಾಗೆಂದು ನಿಂತವರೇ ಇಲ್ಲವೆಂದಲ್ಲ. ನುಮಿಡಿಕಸನೆಂಬವನು ತನ್ನ ಹೆಂಡತಿಯು ಪಕ್ಕದಲ್ಲಿಯೇ ಬೆಂಕಿಯಲ್ಲಿ ಬೇಯುವುದನ್ನು ಕಂಡನು. ಅವನೂ ಅರೆಬೆಂದು, ಕಲ್ಲುಗಳ ಕೆಳಗೆ ಹುದುಗಿ, ಸತ್ತನೆಂದೇ ಜನರು ಬಿಟ್ಟುಹೋಗಿದ್ದರು. ತಂದೆಯ ಶವವನ್ನು ಹುಡುಕಿ ಬಂದ ಮಗಳು ಉಸಿರಾಡುತ್ತಿದ್ದವನನ್ನು ಕಂಡು ಬದುಕಿಸಿದಳು. ಬೋನಾ ಎಂಬವಳನ್ನು ಗಂಡನೇ ಬಲಿಪೀಠಕ್ಕೆ ಎಳೆದೊಯ್ದನು. ಅವಳ ಕೈಗಳನ್ನು ಹಿಡಿದು ಬಲವಂತವಾಗಿ ಬಲಿಯನ್ನು ಮಾಡಿಸಿದಾಗ, ಮಾಡಿದವರು ನೀವು, ನಾನಲ್ಲವೆಂದು ಕೂಗಿ ಹೇಳಿ ಅವಳು ಗಡೀಪಾರಾದಳು. ಕಾಸ್ತಸ್, ಇಮಿಲಿಯಸ್ ಎಂಬಿಬ್ಬರು ಮೊದಲನೆಯ ಸಲ ಹಿಂಸೆಯನ್ನು ತಾಳಲಾರದೆ ಸೋತು, ಎರಡನೆಯ ಸಲ ಅದೇ ಬೆಂಕಿಯನ್ನು ಗೆದ್ದರು. ಈ ಇಬ್ಬರ ಉದಾಹರಣೆಯನ್ನು ಸಿಪ್ರಿಯನನು ವಿಶೇಷವಾದ ಮಮತೆಯಿಂದ ಎತ್ತಿ ಹೇಳುತ್ತಾನೆ, ಅದಕ್ಕೆ ಕಾರಣವಿಲ್ಲದಿಲ್ಲ.

೩

ಆ ದಿನಗಳಲ್ಲಿ ಬಿಷಪನು ಎಲ್ಲಿದ್ದನು? ಕಾರ್ಥೇಜಿನ ರಂಗಸ್ಥಳದಲ್ಲಿ ಜನರು ಸಿಪ್ರಿಯನನನ್ನು ಸಿಂಹಕ್ಕೆ ಹಾಕಿರೆಂದು ಮತ್ತೆ ಮತ್ತೆ ಕೂಗುತ್ತಿದ್ದರು, ಅವನ ಆಸ್ತಿಯು ಜಪ್ತಿಯಾಗಿದ್ದಿತು, ಅವನು ಊರಿನಲ್ಲಿರಲಿಲ್ಲ. ೨೫೦ರ ಆರಂಭದಲ್ಲಿಯೇ ಗುಟ್ಟಾದ ಸ್ಥಳಕ್ಕೆ ಹೊರಟುಹೋಗಿದ್ದನು. ಒಂದು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯೇ ಉಳಿದನು.

ಇದಕ್ಕಾಗಿ ಬಂದ ನಿಂದೆಯು ಸಣ್ಣದಲ್ಲ. ರೋಮಿನ ಸಭೆಯ ಹಿರಿಯರಿಂದ ಕಾರ್ಥೇಜಿನ ಹಿರಿಯರಿಗೆ ಪತ್ರವೊಂದು ಬಂದಿತು. ಮಂದೆಯನ್ನು ತೋಳಗಳಿಗೆ ಬಿಟ್ಟು ಓಡುವ ಕೂಲಿಯ ಕುರುಬನ ಮಾತು ಅದರಲ್ಲಿ ಸೂಚ್ಯವಾಗಿದ್ದಿತು. ಪತ್ರವು ಸಿಪ್ರಿಯನನ ಕೈಗೂ ಸಿಕ್ಕಿತು. ಬರೆದವರ ಹೆಸರು ಅದರಲ್ಲಿ ಸ್ಪಷ್ಟವಾಗಿರಲಿಲ್ಲ. ಅಕ್ಷರವೂ ಕಾಗದವೂ ಅನುಮಾನಕ್ಕೆ ಎಡೆಗೊಡುತ್ತವೆ, ಇದು ನಿಮ್ಮದೇ ಹೌದೋ ಅಲ್ಲವೋ ನೋಡಿ ತಿಳಿಸಿರೆಂದು ಅವನು ಮೂಲಪತ್ರವನ್ನೇ ರೋಮಿಗೆ ಹಿಂದಿರುಗಿಸಿದನು. ಈ ಉತ್ತರದ ನಯದೊಳಗಿನ ನೋವನ್ನು ಊಹಿಸಬಹುದು. ಆ ಬಳಿಕ ವಿವರವಾಗಿ ಬರೆದು, ತನ್ನ ಪ್ರಾಣಕ್ಕಿಂತ ಸಹೋದರರ ನೆಮ್ಮದಿಯನ್ನೇ ಯೋಚಿಸಿ ಹೊರಟೆನೆಂದೂ, ತಾನು ಎದುರಿಗಿದ್ದರೆ ಗಲಭೆಯು ಇನ್ನೂ ಕೆರಳುತ್ತಿದ್ದಿತೆಂದೂ, ಹಿಂಸೆಯ ಕಾಲದಲ್ಲಿ ಬೇರೆ ಕಡೆಗೆ ಹೋಗಬಹುದೆಂದು ಕ್ರಿಸ್ತನ ಬೋಧನೆಯೇ ಇದೆಯೆಂದೂ ತಿಳಿಸಿದನು. ಸಾಕ್ಷಿಯಾಗಿ, ಅಡಗಿದ್ದಲ್ಲಿಂದ ಸಭೆಗೆ ಕಳುಹಿದ್ದ ೧೩ ಪತ್ರಗಳ ನಕಲುಗಳನ್ನು ಜೊತೆಯಲ್ಲಿಟ್ಟನು. ಸೆರೆಯಲ್ಲಿದ್ದವರಿಗೆ ಆಹಾರ, ಬಡವರಿಗೆ ಹಣ, ಸತ್ತವರ ದಿನದ ನೆನಪು, ದುಡುಕುವವರಿಗೆ ಎಚ್ಚರಿಕೆ—ಎಲ್ಲವೂ ಆ ಪತ್ರಗಳಲ್ಲಿದ್ದವು.

ಈ ಸಮಾಧಾನವು ಎಷ್ಟರಮಟ್ಟಿಗೆ ಸಮರ್ಪಕವೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವು ಅಂದೂ ಇದ್ದಿತು, ಮುಂದೆಯೂ ಉಳಿಯಿತು. ಅವನ ಮನಸ್ಸಿನಲ್ಲಿ ಭಯದ ಅಂಶವೇ ಇರಲಿಲ್ಲವೆಂದು ಹೇಳುವುದು ಕಷ್ಟ; ಭಯವೊಂದೇ ಇದ್ದಿತೆಂದು ಹೇಳುವುದು ಅನ್ಯಾಯ. ಇಷ್ಟು ಮಾತ್ರ ಖಂಡಿತ: ಓಡಿಹೋದವನೆಂಬ ಮಾತನ್ನು ಹೊತ್ತುಕೊಂಡೇ ಅವನು ೨೫೧ರಲ್ಲಿ, ಈಸ್ಟರ್ ಹಬ್ಬವು ಕಳೆದ ಮೇಲೆ, ಬಿದ್ದವರ ಗುಂಪಿನ ನಡುವೆ ಮರಳಿ ಬಂದು ನಿಂತನು. ಅದೇ ವರ್ಷದ ಬೇಸಗೆಯಲ್ಲಿ ಡೀಸಿಯಸನು ಗಾಥರೊಡನೆ ಹೋರಾಡುತ್ತ ಮಡಿದನು.

೪

ಹಿಂಸೆಯು ನಿಂತಿತು, ಅದು ಬಿಟ್ಟುಹೋದ ಪ್ರಶ್ನೆಯು ನಿಲ್ಲಲಿಲ್ಲ. ಭಯದಿಂದ ಜಾರಿದ ಸಾವಿರಾರು ಮಂದಿಯನ್ನು ಏನು ಮಾಡುವುದು? ಸೆರೆಯಲ್ಲಿ ನೋವುಂಡವರು ಕೆಲವರು, ತಮ್ಮ ಪುಣ್ಯದ ಬಲದಿಂದ ಬಿದ್ದವರಿಗೆ ಕ್ಷಮಾಪತ್ರಗಳನ್ನು ಹಂಚತೊಡಗಿದ್ದರು. ಇಂತಹವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳತಕ್ಕದ್ದೆಂದು ಬರೆದ ಒಂದೊಂದು ಚೀಟಿಯ ನೆರಳಿನಲ್ಲಿ ೨೦-೩೦ ಮಂದಿ ನುಸುಳಬಹುದೆಂದು ಸಿಪ್ರಿಯನನು ಆಕ್ಷೇಪಿಸಿದನು. ಒಂದು ಕಾಗದದಿಂದ ವಿಶ್ವಾಸವನ್ನು ಕಳೆದುಕೊಂಡವರು ಇನ್ನೊಂದು ಕಾಗದದಿಂದ ಅದನ್ನು ಮರಳಿ ಪಡೆಯಲಾರರು. ಇನ್ನೊಂದು ಕಡೆ, ರೋಮಿನಲ್ಲಿ ನೊವೇಷಿಯನನೆಂಬ ಪಂಡಿತನು ಬಿದ್ದವರಿಗೆ ಸಭೆಯಲ್ಲಿ ಎಂದೆಂದಿಗೂ ಸ್ಥಳವಿಲ್ಲವೆಂದು ಸಾರಿ ಬೇರೆ ಪಂಗಡವನ್ನೇ ಕಟ್ಟಿದನು. ಒಬ್ಬರದು ಗಾಯವನ್ನು ತೊಳೆಯದೆ ಮುಚ್ಚುವ ದಾರಿ, ಇನ್ನೊಬ್ಬರದು ಗಾಯಗೊಂಡವನನ್ನೇ ಹೊರಗೆಸೆಯುವ ದಾರಿ.

೨೫೧ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರ ಪರಿಷತ್ತು ಸಿಪ್ರಿಯನನ ನಾಯಕತ್ವದಲ್ಲಿ ನಡುದಾರಿಯನ್ನು ಹಿಡಿಯಿತು. ಪ್ರತಿಯೊಬ್ಬನ ಸಂಗತಿಯನ್ನೂ ಬೇರೆಬೇರೆಯಾಗಿ ವಿಚಾರಿಸತಕ್ಕದ್ದು. ಪತ್ರವನ್ನು ಮಾತ್ರ ಕೊಂಡವರು ಪಶ್ಚಾತ್ತಾಪದ ತರುವಾಯ ಸೇರಬಹುದು. ಬಲಿಯನ್ನರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿದ್ದು ಮರಣಕಾಲದಲ್ಲಿ ಸಮಾಧಾನವನ್ನು ಪಡೆಯಬಹುದು. ಬಹಳ ಹೊತ್ತು ಹಿಂಸೆಯನ್ನು ಸಹಿಸಿ ಸೋತವನೂ, ಕರೆಯದೆಯೇ ಓಡಿ ಬಂದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡಬಾರದೆಂಬುದು ಇಲ್ಲಿಯ ನ್ಯಾಯ.

ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಮೋಡಗಳು ಕವಿದಂತೆ ತೋರಿದಾಗ ೪೦ಕ್ಕಿಂತ ಹೆಚ್ಚು ಮಂದಿ ಬಿಷಪರು ಕೂಡಿ ಆ ನಿಯಮವನ್ನೂ ಸಡಿಲಿಸಿದರು. ಪಶ್ಚಾತ್ತಾಪದಲ್ಲಿ ನಿಂತವರನ್ನೆಲ್ಲ ಕೂಡಲೇ ಪ್ರಭುಭೋಜನಕ್ಕೆ ಸೇರಿಸಿಕೊಂಡರು. ಕ್ರಿಸ್ತನಿಗಾಗಿ ರಕ್ತವನ್ನು ಸುರಿಸಿರೆಂದು ಯಾರನ್ನು ಕೇಳಬೇಕಾಗಿದೆಯೋ ಅವರಿಗೆ ಕ್ರಿಸ್ತನ ಪಾತ್ರೆಯನ್ನು ಹೇಗೆ ನಿರಾಕರಿಸುವುದೆಂಬುದು ಅವರು ಕೊಟ್ಟ ಕಾರಣ. ಸಿಪ್ರಿಯನನ ವಿಚಾರದ ತಿರುಳು ಇಲ್ಲಿಯೇ ಇದೆ. ಧೈರ್ಯವೆಂಬುದು ಮೊದಲು ತೋರಿಸಬೇಕಾದ ಅರ್ಹತೆ, ಆ ಬಳಿಕ ವಿಶ್ವಾಸದ ಅನ್ನವು ದೊರೆಯುವುದೆಂದು ಅವನು ತಿಳಿಯಲಿಲ್ಲ. ಹಸಿದವನಿಗೆ ಉಣಬಡಿಸಿದರೆ ತಾನೆ ಬಲವು ಬರುವುದು? ಹೆದರಿದವನಿಗೆ ವಿಶ್ವಾಸವೇ ಆಹಾರ.

ಇದೇ ಕಾಲದಲ್ಲಿ ಅವನು ಕ್ರಿಸ್ತನು ಕಲಿಸಿದ ಪ್ರಾರ್ಥನೆಗೆ ವ್ಯಾಖ್ಯಾನವನ್ನು ಬರೆದನು. ಶೋಧನೆಯಿಂದ ಕಾಪಾಡೆಂದು ಬೇಡುವಾಗಲೆಲ್ಲ ಮನುಷ್ಯನಿಗೆ ತನ್ನ ದುರ್ಬಲತೆಯು ನೆನಪಾಗುವುದೆಂದೂ, ತನ್ನ ಬಲದಿಂದಲೇ ನಿಂತೆನೆಂದು ಯಾರೂ ಬೀಗದಂತೆ ಆ ಬೇಡಿಕೆಯು ತಡೆಯುವುದೆಂದೂ ಅವನು ಅದರಲ್ಲಿ ವಿವರಿಸಿದ್ದಾನೆ. ಅಡಗುದಾಣದಲ್ಲಿ ವರ್ಷಕ್ಕೂ ಮೇಲ್ಪಟ್ಟು ಕುಳಿತವನ ಲೇಖನಿಯಿಂದ ಬಂದ ಈ ಮಾತಿಗೆ ಪುಸ್ತಕದ ವಾಸನೆಯಿಲ್ಲ.

ಆ ಮೇಲೆ ಬಂದದ್ದು ಮಹಾಮಾರಿ. ೨೫೨ರ ಸುಮಾರಿಗೆ ಕಾರ್ಥೇಜಿನಲ್ಲಿ ಹಬ್ಬಿದ ಆ ವ್ಯಾಧಿಯನ್ನು ಇತಿಹಾಸಕಾರರು ಇಂದಿಗೂ ‘ಸಿಪ್ರಿಯನನ ಮಾರಿ’ ಎಂದೇ ಕರೆಯುವರು. ಏಕೆಂದರೆ ಅದರ ಲಕ್ಷಣಗಳನ್ನು ಅವನೇ ಬರೆದಿಟ್ಟಿದ್ದಾನೆ. ಬಂಧುಗಳೇ ಬಂಧುಗಳನ್ನು ಬೀದಿಗೆ ಹಾಕಿ ಓಡುತ್ತಿದ್ದಾಗ ಅವನು ಸಭೆಯನ್ನು ಕೂಡಿಸಿ ಶುಶ್ರೂಷೆಯನ್ನು ಹಂಚಿದನು. ಉಳ್ಳವರು ಹಣವನ್ನು, ಇಲ್ಲದವರು ಮೈಕೆಲಸವನ್ನು ಕೊಟ್ಟರು. ತಮ್ಮನ್ನು ಹಿಂಸಿಸಿದವರಿಗೂ ಈ ಉಪಚಾರವು ಸಲ್ಲಬೇಕೆಂಬುದು ಅವನ ಬೋಧೆ. ನುಮಿಡಿಯದಲ್ಲಿ ದರೋಡೆಗಾರರು ಕ್ರೈಸ್ತರನ್ನು ಸೆರೆಹಿಡಿದೊಯ್ದಾಗ ಅವರನ್ನು ಬಿಡಿಸಲು ಕಾರ್ಥೇಜಿನ ಸಭೆಯು ಒಂದು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ಕೂಡಿಸಿ ಕಳುಹಿತು. ಆಸ್ತಿಯ ಮೋಹದಿಂದ ಪತ್ರ ಕೊಂಡವರಿದ್ದ ಸಭೆಯೇ ಅದು. ಭಯವನ್ನು ಗೆಲ್ಲುವ ಅಭ್ಯಾಸವು ಇಂತಹ ದಿನನಿತ್ಯದ ಕೆಲಸಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದಿತು. ಅವನಲ್ಲಿ ದೋಷಗಳಿರಲಿಲ್ಲವೆಂದಲ್ಲ, ಪಂಗಡದವರ ದೀಕ್ಷಾಸ್ನಾನದ ವಿಷಯವಾಗಿ ರೋಮಿನ ಬಿಷಪನಾದ ಸ್ಟೀಫನನೊಡನೆ ೨೫೬ರಲ್ಲಿ ನಡೆದ ಜಗಳದಲ್ಲಿ ಅವನ ಮಾತು ಬಹಳ ಬಿರುಸಾಗಿದ್ದಿತು.

೫

ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಶೋಧನೆಯು ಎರಡನೆಯ ಸಲ ಬಂದಿತು. ೨೫೭ರ ಆಗಸ್ಟ್ ೩೦ರಂದು ಸಿಪ್ರಿಯನನು ಪ್ರಾಂತಾಧಿಪತಿಯಾದ ಪಟೆರ್ನಸನ ಎದುರಿಗೆ ನಿಂತನು. ತಾನು ಕ್ರೈಸ್ತನೂ ಬಿಷಪನೂ ಹೌದೆಂದು ಒಪ್ಪಿಕೊಂಡನು. ಸಭೆಯ ಹಿರಿಯರ ಹೆಸರುಗಳನ್ನು ಹೇಳೆಂದಾಗ, ಚಾಡಿಕೋರರನ್ನು ನಿಮ್ಮ ಕಾನೂನುಗಳೇ ನಿಷೇಧಿಸಿವೆಯೆಂದು ಉತ್ತರಕೊಟ್ಟು ಬಾಯಿಮುಚ್ಚಿದನು. ಕುರುಬಿಸ್ ಎಂಬ ಕರಾವಳಿಯ ಊರಿಗೆ ಅವನನ್ನು ಗಡೀಪಾರುಮಾಡಿದರು. ಅಲ್ಲಿಗೆ ಸೇರಿದ ರಾತ್ರಿ ಕಂಡ ಕನಸನ್ನು, ಜೊತೆಯಲ್ಲಿದ್ದ ಪೊಂಟಿಯಸನೆಂಬ ಸಭಾಸೇವಕನು ತನ್ನ ಗುರುವಿನ ಚರಿತ್ರೆಯಲ್ಲಿ ಬರೆದಿದ್ದಾನೆ. ಎತ್ತರವಾದ ಯುವಕನೊಬ್ಬನು ಅವನನ್ನು ನ್ಯಾಯಸ್ಥಾನಕ್ಕೆ ಕರೆದೊಯ್ದನಂತೆ. ನ್ಯಾಯಾಧಿಪತಿಯು ಏನನ್ನೋ ಬರೆಯುತ್ತಿರಲು, ಆ ಯುವಕನು ಕೈಸನ್ನೆಯಿಂದ ಶಿರಚ್ಛೇದವೆಂದು ಸೂಚಿಸಿದನಂತೆ. ಸಿಪ್ರಿಯನನು ತನ್ನ ಕಾರ್ಯಗಳನ್ನು ಮುಗಿಸಿಕೊಳ್ಳಲು ಒಂದೇ ಒಂದು ದಿನದ ಅವಕಾಶವನ್ನು ಬೇಡಿದನಂತೆ. ಶಿಷ್ಯನ ಭಕ್ತಿಯು ಈ ಚರಿತ್ರೆಗೆ ಅಲ್ಲಲ್ಲಿ ಬಣ್ಣವನ್ನು ಹಚ್ಚಿದೆ. ಆದರೂ ಎಚ್ಚೆತ್ತ ಮೇಲೆ ಬೆದರಿದೆನೆಂಬುದನ್ನು ಗುರುವು ಮುಚ್ಚಿಡಲಿಲ್ಲ, ಶಿಷ್ಯನೂ ಮುಚ್ಚಿಡಲಿಲ್ಲ.

೨೫೮ರ ಬೇಸಗೆಯಲ್ಲಿ ಬಿಷಪರನ್ನೂ ಹಿರಿಯರನ್ನೂ ಸಭಾಸೇವಕರನ್ನೂ ಕೂಡಲೇ ಕೊಲ್ಲತಕ್ಕದ್ದೆಂಬ ಆಜ್ಞೆಯು ಹೊರಟಿತು. ಆಗಸ್ಟ್ ೬ರಂದು ರೋಮಿನ ಬಿಷಪನಾದ ಎರಡನೆಯ ಸಿಕ್ಸ್ಟಸನು ಹತನಾದನು. ಸಿಪ್ರಿಯನನು ಆಗ ಕಾರ್ಥೇಜಿನ ತನ್ನ ತೋಟಕ್ಕೆ ಮರಳಿದ್ದನು. ದೊಡ್ಡ ಮನೆತನದ ಹಳೆಯ ಗೆಳೆಯರು ಬಂದು, ಅಡಗಲು ಸ್ಥಳಗಳನ್ನು ಸಿದ್ಧಮಾಡಿರುವೆವೆಂದು ಒತ್ತಾಯಪಡಿಸಿದರು. ಎಂಟು ವರ್ಷಗಳ ಹಿಂದಿನ ಬಾಗಿಲೇ ಮತ್ತೊಮ್ಮೆ ತೆರೆದಂತಾಯಿತು. ಈ ಸಲ ಅವನು ಒಪ್ಪಲಿಲ್ಲ. ಆದರೆ ತನ್ನನ್ನು ಯುಟಿಕಾ ಪಟ್ಟಣಕ್ಕೆ ಕೊಂಡೊಯ್ಯಲು ಸಿಪಾಯಿಗಳು ಬರುವ ಸುದ್ದಿ ತಿಳಿದಾಗ ಕೆಲವು ದಿನ ಮರೆಯಾದನು. ಬಿಷಪನು ತನ್ನ ವಿಶ್ವಾಸವನ್ನು ತನ್ನ ಜನರ ನಡುವೆಯೇ ಸಾರಬೇಕು, ಪರಸ್ಥಳದಲ್ಲಲ್ಲವೆಂದು ಸಭೆಗೆ ಕೊನೆಯ ಪತ್ರವನ್ನು ಬರೆದನು. ಪ್ರಾಂತಾಧಿಪತಿಯಾದ ಗಲೇರಿಯಸ್ ಮ್ಯಾಕ್ಸಿಮಸನು ಕಾರ್ಥೇಜಿಗೆ ಬಂದೊಡನೆ ಅವನೂ ತನ್ನ ತೋಟಕ್ಕೆ ಬಂದು ಕುಳಿತನು. ಮೊದಲು ಅಡಗಿದ್ದು ಬದುಕುವುದಕ್ಕೆ. ಎರಡನೆಯ ಸಲ ಅಡಗಿದ್ದು ತನ್ನವರೆದುರಿಗೆ ಸಾಯುವುದಕ್ಕೆ.

ಸೆಪ್ಟೆಂಬರ್ ೧೩ರಂದು ಅವನನ್ನು ಹಿಡಿದರು. ಆ ರಾತ್ರಿ ಒಬ್ಬ ಅಧಿಕಾರಿಯ ಮನೆಯಲ್ಲಿ ಇಟ್ಟರು. ಸಭೆಯ ಜನರೆಲ್ಲ ಬಾಗಿಲ ಮುಂದೆ ಬೀದಿಯಲ್ಲಿಯೇ ರಾತ್ರಿಯನ್ನು ಕಳೆದರು. ಗುಂಪಿನಲ್ಲಿದ್ದ ಹೆಣ್ಣುಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಅವನು ಒಳಗಿನಿಂದ ಹೇಳಿಕಳುಹಿದನು. ಮರುದಿನ ಬಿಸಿಲಿನಲ್ಲಿ ನಡೆದು ಬಂದು ಬೆವರಿನಿಂದ ಅವನ ಬಟ್ಟೆಯು ತೊಯ್ದುಹೋಗಿದ್ದಿತು. ಹಿಂದೆ ಕ್ರೈಸ್ತನಾಗಿದ್ದ ಸಿಪಾಯಿಯೊಬ್ಬನು ಒಣಬಟ್ಟೆಯನ್ನು ಕೊಡಬಂದನು. ಇಂದೇ ಮುಗಿದುಹೋಗಬಹುದಾದ ತೊಂದರೆಗೆ ಮದ್ದೇಕೆಂದು ಅವನು ಬೇಡವೆಂದನು.

ವಿಚಾರಣೆಯು ಚಿಕ್ಕದು. ವಿಧಿಯನ್ನು ನಡೆಸೆಂದು ಆಜ್ಞೆಯಾಯಿತು, ಅವನು ನಿರಾಕರಿಸಿದನು. ಯೋಚಿಸಿ ನೋಡೆಂದು ಹೇಳಿದಾಗ, ಇಷ್ಟು ನ್ಯಾಯವಾದ ವಿಷಯದಲ್ಲಿ ಯೋಚಿಸತಕ್ಕದ್ದೇನೂ ಇಲ್ಲವೆಂದನು. ಗಲೇರಿಯಸನು ಕಾಯಿಲೆಯವನು, ಮನಸ್ಸಿಲ್ಲದ ಮನಸ್ಸಿನಿಂದ ತೀರ್ಪನ್ನು ಓದಿದನು. ಸಿಪ್ರಿಯನನು ದೇವರಿಗೆ ಸ್ತೋತ್ರವನ್ನು ಸಲ್ಲಿಸಿದನು. ನಮ್ಮ ತಲೆಗಳನ್ನೂ ಕತ್ತರಿಸಿರೆಂದು ಜನರು ಕೂಗಿದರು. ೨೫೦ರಲ್ಲಿ ಯಾರೂ ಕರೆಯದೆ ಬಲಿಪೀಠಕ್ಕೆ ಓಡಿದ್ದ ಸಭೆಯ ಕೂಗು ಅದು.

ಮರಗಳಿಂದ ಸುತ್ತುವರಿದ ಬಯಲಿನಲ್ಲಿ ಅವನು ಮೇಲುಹೊದಿಕೆಯನ್ನು ತೆಗೆದು, ಮೊಣಕಾಲೂರಿ ಪ್ರಾರ್ಥಿಸಿದನು. ಕೊಲ್ಲುವವನಿಗೆ ೨೫ ಚಿನ್ನದ ನಾಣ್ಯಗಳನ್ನು ಕೊಡಿರೆಂದು ತನ್ನವರಿಗೆ ಹೇಳಿದನು. ಜನರು ಅವನ ಮುಂದೆ ಬಟ್ಟೆಗಳನ್ನು ಹಾಸಿದರು. ತನ್ನ ಕಣ್ಣುಗಳಿಗೆ ತಾನೇ ಬಟ್ಟೆಯನ್ನು ಕಟ್ಟಿಕೊಂಡನು; ಕೈಗಳನ್ನು ಕಟ್ಟಲು ಮಾತ್ರ ಸಭೆಯ ಇಬ್ಬರ ಸಹಾಯ ಬೇಕಾಯಿತು. ಕತ್ತಿಯನ್ನು ಹಿಡಿದವನ ಬೆರಳುಗಳು ನಡುಗುತ್ತಿದ್ದವೆಂದು ಪೊಂಟಿಯಸನು ಬರೆದಿದ್ದಾನೆ. ಅಂದು ಸೆಪ್ಟೆಂಬರ್ ೧೪. ಕುರುಬಿಸಿನ ಕನಸಿಗೆ ಸರಿಯಾಗಿ ಒಂದು ವರ್ಷ. ಕನಸಿನಲ್ಲಿ ಬೇಡಿಕೊಂಡ ಒಂದು ದಿನವೆಂದರೆ ಈ ಒಂದು ವರ್ಷವೇ ಎಂದು ಶಿಷ್ಯನು ಅರ್ಥಮಾಡಿಕೊಂಡನು. ರಾತ್ರಿ ಪಂಜುಗಳ ಬೆಳಕಿನಲ್ಲಿ ಜನರು ಅವನನ್ನು ಬಹಿರಂಗವಾಗಿಯೇ ಕೊಂಡೊಯ್ದು ಸಮಾಧಿಮಾಡಿದರು.

ವಲೇರಿಯನನು ೨೬೦ರಲ್ಲಿ ಪಾರಸಿಗಳ ಸೆರೆಯಾಳಾದನು. ಅವನ ಮಗನಾದ ಗೆಲಿಯನಸನು ಹಿಂಸೆಯನ್ನು ನಿಲ್ಲಿಸಿದನು. ಡೀಸಿಯಸನ ಕಚೇರಿಗಳು ಬರೆದುಕೊಟ್ಟ ಪ್ರಮಾಣಪತ್ರಗಳು ಮರಳಿನಲ್ಲಿ ಮುಚ್ಚಿಹೋದವು. ಸಿಪ್ರಿಯನನ ಪತ್ರವ್ಯವಹಾರದಲ್ಲಿ ಸುಮಾರು ೮೦ ಪತ್ರಗಳು ಉಳಿದಿವೆ. ಮೊದಲು ಹೆದರಿದ ಒಬ್ಬ ಮನುಷ್ಯನು ಹೆದರಿದ ಇತರರನ್ನು ಕೈಬಿಡದೆ, ಅವರೊಡನೆಯೇ ಧೈರ್ಯವನ್ನು ಕಲಿತ ಬಗೆಯನ್ನು ಅವುಗಳಲ್ಲಿ ಇಂದಿಗೂ ಓದಬಹುದು.